ಬಾಯಿಗೆ ಮುಟ್ಟದ ಸುದ್ದಿ

"ಕೊನೆಯ ಸಲ ನಿಮ್ಮ ಬಾಯಲ್ಲಿ ನೀರೂರಿದ್ದು ಯಾವಾಗ?" ಪ್ರತೀಕ್ಷಾ ಹಾಳೆ ನೋಡಿಕೊಂಡು ಓದಿದಳು. "ತಿನ್ನೋದಕ್ಕಾದ್ರೂ ಸರಿ, ಬೇರೆ ಯಾವುದಕ್ಕಾದ್ರೂ ಸರಿ."

ಬಸವಲಿಂಗಪ್ಪನವರಿಗೆ ಈ ಪ್ರಶ್ನೆ ಬಹಳ ಹಿಡಿಸಿತು. ಮೈಸೂರಿನ ಈ ಹುಡುಗಿ ಕೋಲ್ಕತ್ತದಲ್ಲಿ ಭಾಷೆಯ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಆಸೆಯನ್ನು ಹೇಳುವ ಮಾತುಗಳನ್ನು ಜನ ಎಲ್ಲೆಲ್ಲಿ ಬಳಸುತ್ತಾರೆ ಎನ್ನುವುದು ಅವಳ ವಿಷಯ. ಊರಿನ ಕನ್ನಡದ ಮನೆಗಳನ್ನು ಹುಡುಕುತ್ತ ಆ ಶನಿವಾರ ಮಧ್ಯಾಹ್ನ ಗಾರ್ಡನ್ ರೀಚ್‌ನ ರೈಲ್ವೆ ಕ್ವಾರ್ಟರ್ಸಿಗೆ ಬಂದಿದ್ದಳು. ಟೀಪಾಯಿಯ ಮೇಲಿಟ್ಟ ಅವಳ ಮೊಬೈಲು ಮಾತುಗಳನ್ನೆಲ್ಲ ಹಿಡಿದುಕೊಳ್ಳುತ್ತಿತ್ತು.

"ಹೋದ ವರ್ಷ ನಮ್ಮ ಘೋಷ್‌ಬಾಬು ರಿಟೈರ್ ಆದ್ರವಾ," ಎಂದರು ಬಸವಲಿಂಗಪ್ಪ. "ಮೂರನೇ ಮಾಳಿಗಿ ಮನಿ, ಬಾಲ್ಕನ್ಯಾಗ ನಿಂತ್ರ ಹೊಳಿ ಕಾಣತೈತಿ. ಅವರು ಸಾಮಾನು ಕಟ್ಟೂದು ನೋಡಿ, ಆ ಮನಿ ನನಗ ಸಿಕ್ರ ಅಂತ ಬಾಯಾಗ ನೀರು!"

"ನಿಜವಾಗ್ಲೂ ಬಂತಾ ಸರ್, ಇಲ್ಲ ಮಾತಿಗೆ ಹೇಳ್ತಿದ್ದೀರಾ?"

ಅವರು ಯೋಚಿಸಿದರು. ಇಂಥದ್ದನ್ನು ಯಾರೂ ಅವರನ್ನು ಕೇಳಿರಲಿಲ್ಲ. "ಮಾತಿಗೇ ಇರಬೇಕು," ಎಂದು ನಕ್ಕರು.

ಪ್ರತೀಕ್ಷಾ ಗುರುತು ಹಾಕಿಕೊಂಡು, ದಿವಾನದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದ ಅವರ ಹೆಂಡತಿ ಗೌರಿಯ ಕಡೆ ತಿರುಗಿದಳು. "ಆಂಟಿ, ನೀವು?"

"ನನಗ ಬರಂಗಿಲ್ಲ."

"ಏನ ಬರಂಗಿಲ್ಲ?" ಬಸವಲಿಂಗಪ್ಪ ಕೇಳಿದರು.

"ಬಾಯಾಗ ನೀರು. ಫೆಬ್ರುವರಿಯಿಂದ." ಗೌರಿ ದಿಂಬಿನ ಚೀಲದ ಮೂಲೆಗಳನ್ನು ಕೂಡಿಸಿದರು. "ಉಗುಳೂ ಇಲ್ಲ. ಕರೆಂಟ್ ಕೊಟ್ರಲ್ಲ, ಆವಾಗಿಂದ."

ಗಂಟಲಿನ ಗಡ್ಡೆಗೆ ಮೂವತ್ತಮೂರು ಸಲ ರೇಡಿಯೇಶನ್ ಆಗಿತ್ತು. ಮೂವತ್ತಮೂರು ಸಲವೂ ಬಸವಲಿಂಗಪ್ಪ ಜೊತೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಗಡ್ಡೆ ಪೂರ್ತಿ ಹೋಗಿದೆ ಎಂದು ವರದಿ ಬಂದ ದಿನ ಆಫೀಸಿನ ತುಂಬ ಸಂದೇಶ್ ಮಿಠಾಯಿ ಹಂಚಿದ್ದರು. ಹೆಂಡತಿಗೆ ತ್ರಾಸಾಗಬಾರದೆಂದು ಐವತ್ತೇಳನೆಯ ವಯಸ್ಸಿನಲ್ಲಿ ರೊಟ್ಟಿ ಬಡಿಯುವುದನ್ನೂ ಕಲಿತರು. ಜೋಳದ ಹಿಟ್ಟಿಗಾಗಿ ಎರಡು ಬಸ್ಸು ಬದಲಿಸಿ ಲೇಕ್ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಗೌರಿ ಮಾತ್ರ ಆ ರೊಟ್ಟಿಯಲ್ಲಿ ಕಾಲು ಭಾಗ ಮುರಿದು, ತುತ್ತಿಗೊಂದು ಗುಟುಕು ನೀರು ಕುಡಿದು, ತಟ್ಟೆ ಸರಿಸಿ ಏಳುತ್ತಿದ್ದರು. ಹೋದ ವಾರ ಬಸವಲಿಂಗಪ್ಪ ರೊಟ್ಟಿಯ ಹಂಚು ಕುಕ್ಕಿ, "ಬ್ಯಾಡಂದ್ರ ಬ್ಯಾಡ ಅನ್ನು. ಹಿಂಗ ನನಗ ಅವಮಾನ ಮಾಡಬ್ಯಾಡ" ಎಂದು ಕೂಗಾಡಿದ್ದರು. ಅದಾದ ಮೇಲೆ ರೊಟ್ಟಿ ಮಾಡಿರಲಿಲ್ಲ.

"ನನಗ್ಯಾಕ ಹೇಳಲಿಲ್ಲ?" ಅವರ ದನಿ ಸಣ್ಣದಾಗಿತ್ತು.

"ಜೀವ ಉಳೀತು ಅಂತ ನೀವು ಊರಿಗೆಲ್ಲ ಸಿಹಿ ಹಂಚೀರಿ. ಅದರಾಗ ನಾ ಬಾಯಿ ಒಣಗೇತಿ ಅಂತ ಹೆಂಗ ಅಳ್ಕೋತ ಕುಂದರ್ಲಿ?"

ಪ್ರತೀಕ್ಷಾ ಮೊಬೈಲಿಗೆ ಕೈ ಹಾಕಿ ರೆಕಾರ್ಡಿಂಗ್ ನಿಲ್ಲಿಸಿದಳು. ಹಾಳೆಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಡುವುದೇ ಸಭ್ಯತೆ ಎಂದು ಗೊತ್ತಿತ್ತು. ಆದರೂ ಪ್ರಶ್ನೆ ಬಾಯಿಗೆ ಬಂದುಬಿಟ್ಟಿತು. "ಆಂಟಿ, ನೀರು ಬರಲ್ಲ ಅಂದ್ರಲ್ಲ. ಆಸೆ? ಆಸೆ ಆಗುತ್ತಾ?"

ಗೌರಿ ತಲೆಯೆತ್ತಿದರು. ಆರು ತಿಂಗಳಿಂದ ಎಲ್ಲರೂ ಅವರ ತೂಕ ಕೇಳಿದ್ದರು, ನಿದ್ದೆ ಕೇಳಿದ್ದರು.

"ಆಗತೈತಿ ನೋಡು!" ಎಂದರು, ತಮಗೇ ಸೋಜಿಗವಾದಂತೆ. "ಕಣ್ಣಿಗೆ ಬೇಕನಸತೈತಿ, ಮೂಗಿಗೆ ಬೇಕನಸತೈತಿ. ಬಾಯಿಗೆ ಮಾತ್ರ ಸುದ್ದಿ ಮುಟ್ಟಂಗಿಲ್ಲ."

"ಯಾವುದು ನೋಡಿದ್ರೆ?"

ಗೌರಿ ಗಂಡನ ಮುಖ ನೋಡಿದರು. "ಗೇಟಿನ ಮುಂದಿನ ಫುಚಕಾ."

"ಫುಚಕಾ?" ಬಸವಲಿಂಗಪ್ಪ ದಂಗಾದರು. ಹತ್ತೊಂಬತ್ತು ವರ್ಷ ಆ ಪಾನಿಪುರಿ ಗಾಡಿಯ ಮುಂದೆ ಹಾಯ್ದು ಹೋಗುವಾಗೆಲ್ಲ, ರಸ್ತೆಯ ನೀರು ಕುಡಿದು ಜನ ಹೆಂಗ ಬದುಕ್ತಾರೋ ಎಂದು ಅವರು ಅಂದವರೇ. "ನೀ ಯಾವಾಗ ತಿಂದಿ?"

"ಮಂಗಳವಾರ ಮಂಗಳವಾರ. ಕಾಯಿಪಲ್ಯ ತರೂವಾಗ."

ಪ್ರತೀಕ್ಷಾಗೆ ನಗು ತಡೆಯಲಾಗಲಿಲ್ಲ. ಬಸವಲಿಂಗಪ್ಪ ಎದ್ದು ಒಳಗೆ ಹೋದರು. ಸಿಟ್ಟು ಬಂತೇನೋ ಎಂದು ಗೌರಿ ಬಾಗಿಲ ಕಡೆ ನೋಡಿದರು. ಅವರು ಹೆಂಡತಿಯ ಚಪ್ಪಲಿ ಹಿಡಿದುಕೊಂಡು ಹೊರಬಂದರು. "ನಡಿ. ತಂಗಿ, ನೀನೂ ಬಾ."

ಗಾಡಿಯವನು ಗೌರಿಯನ್ನು ಕಂಡ ಕೂಡಲೆ ಎಲೆಯ ದೊನ್ನೆ ಕೊಟ್ಟು, ಇಷ್ಟು ದಿನ ಎಲ್ಲಿಗೆ ಹೋಗಿದ್ದಿರಿ ಅತ್ತಿಗೆ ಎಂದು ಬಂಗಾಳಿಯಲ್ಲಿ ವಿಚಾರಿಸಿದ. ಗೌರಿ ಸೆರಗನ್ನು ಕತ್ತಿನ ಕಲೆಯ ಮೇಲೆ ಎಳೆದುಕೊಂಡು, ಊರಿಗೆ ಎಂದರು. ಖಾರ ಹಾಕಬೇಡ, ಹುಳಿನೀರು ಜಾಸ್ತಿ ತುಂಬು ಎಂದೂ ಹೇಳಿದರು. ಅವನು ಪುರಿಯ ನೆತ್ತಿ ಒಡೆದು, ಆಲೂಗಡ್ಡೆ ತುರುಕಿ, ಹುಣಸೆನೀರಿನ ಮಡಕೆಯಲ್ಲಿ ಅದ್ದಿ ದೊನ್ನೆಗೆ ಹಾಕಿದ.

ಗೌರಿ ಅದನ್ನು ಇಡಿಯಾಗಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಪ್ರತೀಕ್ಷಾ ಅವರ ದವಡೆಯನ್ನೇ ನೋಡುತ್ತಿದ್ದಳು. ನುಂಗಿದ ಮೇಲೂ ಅವರು ಸ್ವಲ್ಪ ಹೊತ್ತು ಕಾದರು.

"ಬಂತಾ ಆಂಟಿ?"

"ಇಲ್ಲ," ಎಂದರು ಗೌರಿ. "ಆದ್ರ ಗಂಟಲಾಗ ಏನೂ ಒಣಗಿ ಸಿಕ್ಕೊಳ್ಳಲಿಲ್ಲ. ತಾನ ಇಳಕೊಂಡು ಹೋತು." ಇನ್ನೊಂದಕ್ಕೆ ದೊನ್ನೆ ಚಾಚಿದರು.

ಪಕ್ಕದಲ್ಲೇ ನಿಂತಿದ್ದ ಬಸವಲಿಂಗಪ್ಪನವರಿಗೆ ಹುಣಸೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಬಾಯಿ ತುಂಬಿ ಬಂತು. ನಾಚಿಕೆಯಾಗಿ ಮುಖ ಆಚೆ ತಿರುಗಿಸಿ ನುಂಗಿದರು. ಗಂಟಲು ಏರಿ ಇಳಿದದ್ದು ಗೌರಿಗೆ ಕಾಣಿಸಿತು.

"ಮುಚ್ಚಿಡಬ್ಯಾಡ್ರಿ," ಎಂದರು ಅವರು. "ಬಂತಿಲ್ಲೋ? ಹೇಳ್ರಿ, ಹೆಂಗ ಬರತೈತಿ ಅದು? ನನಗ ಮರತಂಗ ಆಗೇತಿ."

ಬಸವಲಿಂಗಪ್ಪ ಮತ್ತೊಮ್ಮೆ ಮಡಕೆಯತ್ತ ಬಗ್ಗಿ ವಾಸನೆ ನೋಡಿದರು. ಬಾಯೊಳಗೆ ಏನಾಗುತ್ತಿದೆಯೆಂದು ಜೀವನದಲ್ಲಿ ಮೊದಲ ಸಲ ಗಮನ ಕೊಟ್ಟರು.

"ಮೊದಲ ಇಲ್ಲಿ," ಎಂದು ತಮ್ಮ ಕಿವಿಯ ಕೆಳಗೆ ಮುಟ್ಟಿಕೊಂಡರು. "ಜುಮ್ ಅಂತೈತಿ. ಚಿವುಟಿದಂಗ. ಆಮ್ಯಾಲೆ ನಾಲಿಗಿ ಕೆಳಗ..."

"ಎಲ್ಲಿ?"

ಅವರು ರಸ್ತೆ ನೋಡಲಿಲ್ಲ, ಜನ ನೋಡಲಿಲ್ಲ. ಎರಡು ಬೆರಳನ್ನು ಹೆಂಡತಿಯ ಕಿವಿಯ ಕೆಳಗೆ, ಕಪ್ಪಗೆ ಸುಟ್ಟ ಚರ್ಮದ ಮೇಲೆ ಮೆಲ್ಲಗೆ ಇಟ್ಟರು. ಗಾಡಿಯವನು ತುಂಬಿದ ಫುಚಕಾ ಹಿಡಿದುಕೊಂಡು ಕಾಯುತ್ತಿದ್ದ. ಹುಳಿನೀರು ಅವನ ಬೆರಳುಗಳ ಸಂದಿಯಿಂದ ಮೊಣಕೈವರೆಗೆ ಇಳಿಯುತ್ತಿತ್ತು.