ಅಧ್ಯಕ್ಷರ ಮೇಜಿನ ಮೇಲಿನ ಕೂಸು

ಮಾಗಡಿ ರಸ್ತೆಯ ನೂಲಿನ ಗಿರಣಿಯ ಕಾರ್ಮಿಕ ಸಂಘಕ್ಕೆ ಪಂಚಾಕ್ಷರಿ ಅಧ್ಯಕ್ಷನಾಗಿದ್ದ. ಗಿರಣಿಯಲ್ಲಿ ಆತ ಮಾಡುತ್ತಿದ್ದ ಕೆಲಸವೇನೆಂದು ಕೇಳಿದರೆ ಪಕ್ಕದ ಯಂತ್ರದವನಿಗೂ ಹೇಳಲು ಬರುತ್ತಿರಲಿಲ್ಲ. ಭಾಷಣ ಮಾತ್ರ ಚೆನ್ನಾಗಿ ಮಾಡುತ್ತಿದ್ದ. ಸಭೆಯಲ್ಲಿ ಹೆಂಗಸರಿದ್ದರಂತೂ ಅವನ ಗಂಟಲು ತಾನಾಗಿ ಗದ್ಗದವಾಗುತ್ತಿತ್ತು.

ಆಗಷ್ಟೇ ಹೊಸ ಕಾಯಿದೆ ಬಂದಿತ್ತು. ಹೆಂಗಸರು ದುಡಿಯುವ ದೊಡ್ಡ ಕಾರ್ಖಾನೆಯಲ್ಲಿ ಕೂಸುಗಳಿಗೊಂದು ಕೋಣೆ, ನೋಡಿಕೊಳ್ಳಲು ಆಯಾ, ತಾಯಂದಿರಿಗೆ ಹಾಲೂಡಿಸಲು ಬಿಡುವು ಇರಬೇಕೆಂದು ಅದು ಹೇಳುತ್ತಿತ್ತು. ಹೆಂಗಸರು ಹಟ ಹಿಡಿದ ಮೇಲೆ ಮಾಲೀಕರು ಗೇಟಿನ ಪಕ್ಕ ಹೆಂಚಿನ ಕೋಣೆ ಕಟ್ಟಿಸಿದರು. ಪಂಚಾಕ್ಷರಿ ರಿಬ್ಬನ್ ಕತ್ತರಿಸಿ, ಯಾರದೋ ಮಗುವನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡ. ಮಾರನೆಯ ವಾರವೇ ತೊಟ್ಟಿಲುಗಳು ಗೋದಾಮು ಸೇರಿದವು. ಆಯಾಳ ಸಂಬಳ ಉಳಿಸಬೇಕಾಗಿದ್ದ ಮ್ಯಾನೇಜರು ಆ ಕೋಣೆಯನ್ನು ಸಂಘದ ಕಚೇರಿಗೆ ಬಿಟ್ಟುಕೊಟ್ಟ, ಜೊತೆಗೊಂದು ಫ್ಯಾನು ಹಾಕಿಸಿದ. ಅಧ್ಯಕ್ಷರು ಎರಡನೇ ಮಾತಾಡಲಿಲ್ಲ. ಒಂದು ಫ್ಯಾನಿಗೆ ಬಿಕರಿಯಾಗುವ ಮನುಷ್ಯ.

ನೂಲು ಸುತ್ತುವ ಚಿಕ್ಕಲಕ್ಷ್ಮಮ್ಮ ಸುಂಕದಕಟ್ಟೆಯಿಂದ ಕೂಸನ್ನು ಸೊಂಟದಲ್ಲಿಟ್ಟುಕೊಂಡು ನಡೆದು ಬರುತ್ತಿದ್ದಳು. ಉಳಿದವರಂತೆ ಅವಳೂ ಕಾಂಪೌಂಡಿನ ಮಾವಿನ ಮರಕ್ಕೆ ಹಳೆಯ ಸೀರೆ ಕಟ್ಟಿ ಅದರಲ್ಲಿ ಮಲಗಿಸಿ ಹೋಗುತ್ತಿದ್ದಳು. ಯಂತ್ರದ ಸದ್ದಿನಲ್ಲಿ ಅಳು ಕೇಳುತ್ತಿರಲಿಲ್ಲ. ಹಾಲು ಸುರಿದು ರವಿಕೆ ತೊಯ್ದರೂ ಮೇಸ್ತ್ರಿ ಬಿಡುತ್ತಿರಲಿಲ್ಲ.

ಒಂದು ದಿನ ಊಟದ ಗಂಟೆ ಹೊಡೆದಾಗ ಓಡಿ ಬಂದು ನೋಡಿದರೆ ಸೀರೆಯ ತುಂಬ ಕೆಂಪಿರುವೆ. ಕೂಸಿನ ರೆಪ್ಪೆ, ತುಟಿ ಊದಿ ಮುಖದ ಗುರುತೇ ಸಿಗುತ್ತಿರಲಿಲ್ಲ. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಕೂಸನ್ನು ಎತ್ತಿ ಇರುವೆ ಕೊಡವಿ, ಸೀರೆಯನ್ನೂ ಬಿಚ್ಚಿ ಜಾಡಿಸಿ ಹೆಗಲಿಗೆ ಹಾಕಿಕೊಂಡು ಅವಳು ನೇರ ಸಂಘದ ಕಚೇರಿಗೆ ಹೋದಳು.

ಪಂಚಾಕ್ಷರಿ ಊಟ ಮುಗಿಸಿ ಫ್ಯಾನಿನ ಕೆಳಗೆ ಎಲೆಯಡಿಕೆ ಮೆಲ್ಲುತ್ತಿದ್ದ. ಕೂಸಿನ ಮುಖ ನೋಡಿ ಲೊಚಗುಟ್ಟಿದ. ಇವತ್ತೇ ಮ್ಯಾನೇಜರಿಗೆ ಹೇಳಿ ಆ ಮರ ಕಡಿಸಿಬಿಡುತ್ತೇನೆ ಎಂದು ಧೈರ್ಯ ತುಂಬಿದ.

ಚಿಕ್ಕಲಕ್ಷ್ಮಮ್ಮ ಮೂಲೆಯಲ್ಲಿ ಅವನಿಗೆ ಬೆನ್ನು ಮಾಡಿ ಕೂತು ಹಾಲೂಡಿಸಿದಳು. ಕೆಲಸದ ಗಂಟೆ ಹೊಡೆದಾಗ ಎದ್ದು, ಮೇಜಿನ ಮೇಲಿನ ಕಾಗದಗಳನ್ನು ಪಕ್ಕಕ್ಕೆ ಸರಿಸಿ, ಸೀರೆ ಮಡಿಸಿ ಹಾಸಿ ಕೂಸನ್ನು ಮಲಗಿಸಿದಳು.

"ಏನಮ್ಮ ಇದು? ಇದು ಆಫೀಸು ಕಣಮ್ಮ."

"ಕೂಸಿನ ಕ್ವಾಣೆ ಇದು. ನೀವೇ ಅಲ್ವಾ ಶುರು ಮಾಡ್ಸಿದ್ದು? ನೋಡ್ಕೊಳ್ಳಿ, ನಾನು ಕೆಲ್ಸಕ್ಕೆ ಹೋಗ್ತೀನಿ."

ಬಾಗಿಲಲ್ಲಿ ನಿಂತಿದ್ದ ಜೊತೆಗೆಲಸದ ಬೋರಮ್ಮ ತನ್ನ ಮಗುವನ್ನೂ ತಂದು ಅಧ್ಯಕ್ಷರ ತೊಡೆಯ ಮೇಲೆ ಕೂರಿಸಿ ಹೊರಟಳು. ಅವಳ ಹಿಂದೆ ಇನ್ನೂ ಕೆಲವರು ಬಂದರು. ಪಂಚಾಕ್ಷರಿ ಮೇಸ್ತ್ರಿಯನ್ನು ಕರೆದರೆ ಅವನು ಕಿಟಕಿಯಿಂದ ಇಣುಕಿ ನಗುತ್ತ ಹೋದ. ತಾಯ್ತನದ ಬಗ್ಗೆ ಊರಿಗೆಲ್ಲ ಭಾಷಣ ಬಿಗಿದವನಿಗೆ ಎತ್ತುವಾಗ ಕೂಸಿನ ಕತ್ತಿಗೆ ಕೈ ಕೊಡಬೇಕೆಂದೂ ಗೊತ್ತಿರಲಿಲ್ಲ. ಒಂದು ಮಗು ಅವನ ಇಸ್ತ್ರಿ ಪಂಚೆ ತೋಯಿಸಿತು. ಇನ್ನೊಂದು ಸುಣ್ಣದ ಡಬ್ಬಿಗೆ ಕೈ ಹಾಕಿತು. ಬಿಟ್ಟು ಹೋಗೋಣವೆಂದರೆ ಹೊರಗೆ ಗಂಡಸರು ಗುಂಪುಗೂಡಿ ನೋಡುತ್ತಿದ್ದರು. ಕೊನೆಗೆ ಅವರಲ್ಲೊಬ್ಬನನ್ನೇ ಮ್ಯಾನೇಜರ ಬಳಿಗೆ ಓಡಿಸಿ, ದಮ್ಮಯ್ಯ, ಒಬ್ಬ ಆಯಾಳನ್ನು ಕೊಡಿ ಎಂದು ಬೇಡಿಕೊಂಡ. ಇಷ್ಟು ದಿನ ಮಾಡದ ಹೋರಾಟವನ್ನು ಒದ್ದೆ ಪಂಚೆ ಮಾಡಿಸಿತು.

ವಾರದೊಳಗೆ ಲಿಂಗಮ್ಮನೆಂಬ ಮುದುಕಿ ಆಯಾ ಆಗಿ ಬಂದಳು. ತೊಟ್ಟಿಲುಗಳೂ ಬಂದವು. ಹಾಲೂಡಿಸಲು ಬಿಡುವೂ ಸಿಕ್ಕಿತು. ಗೇಟಿನ ಸಭೆಯಲ್ಲಿ ಪಂಚಾಕ್ಷರಿ ಇದನ್ನು ತನ್ನ ಹೋರಾಟಕ್ಕೆ ಸಂದ ಜಯವೆಂದು ಸಾರಿ, ಚಿಕ್ಕಲಕ್ಷ್ಮಮ್ಮ ಎರಡು ಮಾತಾಡಬೇಕೆಂದು ಕರೆದ.

"ನಿಮ್ಮತ್ರ ಮಾತಾಡೋಕೆ ನಂಗೇನೂ ಇಲ್ಲ," ಎಂದು ಕೂತಲ್ಲಿಂದಲೇ ಹೇಳಿ ಅವಳು ಎದ್ದು ಹೋದಳು. ಹೆಂಗಸರೆಲ್ಲ ಅವಳ ಹಿಂದೆ ಹೋದರು.

ಮುಂದಿನ ಚುನಾವಣೆಯಲ್ಲಿ ಅವನೇ ಗೆದ್ದ, ಅಂಥವರು ಗೆಲ್ಲುತ್ತಾರೆ. ಆದರೆ ಆ ಕೋಣೆಯ ಬೀಗದ ಕೈ ಲಿಂಗಮ್ಮನ ಸೊಂಟದಲ್ಲಿತ್ತು.