ನಾಯಿಯ ಪಾಲು

ಅಂಬ್ರುಶ್ ಹಿಡಿದ ತಟ್ಟೆಯಲ್ಲಿ ಎಂಟು ಲೋಟಗಳಿದ್ದವು. ಎಂಟರಲ್ಲೂ ಪ್ಲಮ್ ಹಣ್ಣಿನ ಸಾರಾಯಿ ಪಾಲಿಂಕಾ ಅಂಚಿನವರೆಗೆ ತುಂಬಿತ್ತು. ಕಟುಕ ವೆಂಡೆಲ್ ಕೈ ಚಾಚಲಿಲ್ಲ.

"ನಂಗೆ ಬೇಡ," ಎಂದ.

ಹಂದಿ ಕೊಯ್ಯುವ ದಿನ ಬೆಳಗಿನ ಮೊದಲ ಲೋಟ ಕಟುಕನದು. ಅವನು ಕುಡಿಯುವವರೆಗೆ ಉಳಿದವರು ತುಟಿಗೆ ತಾಗಿಸುವಂತಿಲ್ಲ. ಎಲ್ಲರೂ ಕುಡಿಯುವವರೆಗೆ ಹಂದಿಯನ್ನು ಹೊರಗೆ ತರುವಂತಿಲ್ಲ. ಹೀಗಾಗಿ ಹಿಮ ಬಿದ್ದ ಅಂಬ್ರುಶನ ಅಂಗಳದಲ್ಲಿ ಏಳು ಗಂಡಸರು ತಲೆಗೊಂದು ಲೋಟ ಎತ್ತಿಕೊಂಡು ಪ್ರಾರ್ಥನೆಗೆ ನಿಂತವರಂತೆ ನಿಂತರು. ಎಂಟನೆಯದು ತಟ್ಟೆಯಲ್ಲೇ ಉಳಿಯಿತು.

"ಬೇಡ ಅಂದ್ರೇನಣ್ಣಾ? ಹುಷಾರಿಲ್ವಾ?" ಎಂದ ಅಂಬ್ರುಶ್.

"ಹುಷಾರಾಗಿರೋಣ ಅಂತಲೇ ಬೇಡ ಅಂದಿದ್ದು."

ಎರಡು ವರ್ಷದಿಂದ ವೆಂಡೆಲನಿಗೆ ಉಂಡಾಗಲೆಲ್ಲ ಪಕ್ಕೆಯ ಕೆಳಗೆ ಹುಟ್ಟಿದ ನೋವು ಬೆನ್ನಿನವರೆಗೆ ಕೊರೆಯುತ್ತಿತ್ತು. ಹದಿನಾಲ್ಕು ಕಿಲೋ ಇಳಿದಿದ್ದ. ಮೂರು ವಾರದ ಹಿಂದೆ ಹೆಂಡತಿ ಇರ್ಮಾ ಅವನನ್ನು ಪಟ್ಟಣದ ಆಸ್ಪತ್ರೆಗೆ ಎಳೆದುಕೊಂಡು ಹೋಗಿದ್ದಳು. ಅಲ್ಲಿನ ಎಳೆಯ ವೈದ್ಯೆಯ ಹೆಸರು ಹಯ್ನಾಲ್ಕಾ.

"ಕುಡೀತೀರಾ?" ಎಂದು ಆಕೆ ಕೇಳಿದ್ದಳು.

"ಇಲ್ಲ ಡಾಕ್ಟ್ರೇ. ಹಬ್ಬಕ್ಕೊಂದು ಚೂರು."

"ಹಂದಿ ಕೊಯ್ಯೋ ದಿನದ್ದು ಹೇಳ್ರೀ," ಎಂದಳು ಇರ್ಮಾ.

"ಅದು ಕುಡಿತ ಅಲ್ಲ ಕಣೇ, ಕೆಲಸ."

ವೈದ್ಯೆ ಪೆನ್ಸಿಲ್ ಎತ್ತಿಕೊಂಡಳು. ಕೊಯ್ಯುವ ಮುಂಚೆ ಒಂದು, ರೋಮ ಸುಟ್ಟ ಮೇಲೆ ಒಂದು, ಸೀಳಿದಾಗ ಒಂದು, ಕರುಳಿಗೆ ಮಾಂಸ ತುಂಬುವಾಗ ಎರಡು, ಊಟಕ್ಕೆ ಮೂರು: ಒಟ್ಟು ಎಂಟು. ಚಳಿಗಾಲಕ್ಕೆ ಅರವತ್ತು ಹಂದಿ. ಮೂವತ್ತೊಂದು ವರ್ಷ.

"ಹದಿನಾಲ್ಕು ಸಾವಿರದ ಎಂಟುನೂರ ಎಂಬತ್ತು ಲೋಟ. ಹಬ್ಬದ್ದು ಬಿಟ್ಟು."

ವೆಂಡೆಲ್ ಮನಸ್ಸಿನಲ್ಲೇ ಗುಣಿಸಿ ನೋಡಿದ. ತಪ್ಪು ಸಿಗಲಿಲ್ಲ.

ಸ್ಕ್ಯಾನ್ ಚಿತ್ರದಲ್ಲಿ ಬಿಳಿಯ ಚುಕ್ಕೆಗಳಿದ್ದವು. "ಮೇದೋಜೀರಕ ಗ್ರಂಥಿ. ಬಹಳ ಕಾಲದ ಉರಿಯೂತ, ಸುಣ್ಣಗಟ್ಟಿದೆ. ಕೊಬ್ಬು ಅರಗಿಸೋ ರಸ ಬರ್ತಿಲ್ಲ, ಅದಕ್ಕೇ ಸೊರಗಿದ್ದೀರಿ," ಎಂದು ಆಕೆ ಕಾಗದದ ಮೇಲೆ ಜಠರವನ್ನೂ ಅದರ ಹಿಂದೆ ಉದ್ದನೆಯ ನಾಲಿಗೆಯಂಥದೊಂದನ್ನೂ ಬರೆದು ತೋರಿಸಿದಳು.

"ಅಯ್ಯೋ, ಇದು ನಾಯಿಪಾಲು!" ಎಂದ ವೆಂಡೆಲ್. ಹಂದಿಯ ಮೈಯಲ್ಲಿ ಅವನು ಬಳಸದೆ ಬಿಟ್ಟದ್ದು ಅದೊಂದೇ. ಸಾವಿರದ ಎಂಟುನೂರ ಅರವತ್ತು ಸಲ ಅದನ್ನು ಕಿತ್ತು ನಾಯಿಗೆ ಎಸೆದಿದ್ದ.

"ಇನ್ನು ಒಂದು ಹನಿ ಕುಡಿಯೋ ಹಾಗಿಲ್ಲ, ಸಿಗರೇಟೂ ಇಲ್ಲ. ಸ್ವಲ್ಪ ಸ್ವಲ್ಪವೇ ಉಣ್ಣಿ. ಊಟದ ಮೊದಲ ತುತ್ತಿನ ಜೊತೆಗೆ ಈ ಗುಳಿಗೆ. ಹಂದಿಯ ಅದೇ ಗ್ರಂಥಿಯಿಂದ ಮಾಡಿದ್ದು."

"ಹಾಗಾದ್ರೆ ನಾನೇ ಹುರಿದು ತಿಂದ್ರೆ?"

"ಬೆಂಕಿ ತಾಗಿದ್ರೆ ಅದರ ಗುಣ ಸಾಯುತ್ತೆ. ಹಸಿಯಾಗೇ ತಿಂದ್ರೆ ಹೊಟ್ಟೆಯ ಹುಳಿ ಸಾಯಿಸುತ್ತೆ. ಆ ಹುಳಿ ದಾಟೋಕೆ ಅಂತಲೇ ಗುಳಿಗೆಗೆ ಕವಚ ಹಾಕಿರೋದು."

ಈಗ ಅಂಗಳದಲ್ಲಿ ಅಂಬ್ರುಶ್ ಕಾಲು ಬದಲಿಸಿದ. "ಕಟುಕ ಕುಡೀದೆ ಕೊಯ್ದ್ರೆ ಮಾಂಸ ಕೆಡುತ್ತಣ್ಣ."

"ಕೆಟ್ಟಿದ್ದು ನೋಡಿದ್ದೀಯಾ?"

"ಕುಡೀದಿರೋ ಕಟುಕನ್ನೇ ನೋಡಿಲ್ಲ!"

"ಪಕ್ಕದೂರಿನ ಕಟುಕ ದೆಝೆಗೆ ಫೋನ್ ಮಾಡೋಣ," ಎಂದ ನೆರೆಮನೆಯ ತಿಹಮೇರ್. "ಅವನಾದ್ರೆ ಒಂದಕ್ಕೆ ಎರಡು ಕುಡೀತಾನೆ."

ದೆಝೆ ಒಮ್ಮೆ ಈ ಅಂಗಳಕ್ಕೆ ಕಾಲಿಟ್ಟರೆ ಮುಂದೆ ಈ ಬೀದಿಯ ಯಾವ ಅಂಗಳವೂ ತನ್ನನ್ನು ಕರೆಯದೆಂದು ವೆಂಡೆಲನಿಗೆ ಗೊತ್ತಿತ್ತು. ಚಕ್ಕಳದ ಸುರುಳಿಯೊಳಗಿನ ಚೂರಿಗಳ ಕಡೆ ನೋಡಿದ. ಅವನ ಕೈ ತಟ್ಟೆಯ ಕಡೆಗೆ ಸರಿಯಿತು.

"ಕುಡೀರಿ, ಕುಡೀರಿ," ಎಂದಳು ಬಾಂಡಲೆಯ ಪಕ್ಕದಲ್ಲಿದ್ದ ಇರ್ಮಾ. "ಒಳಗಿನ ಸುಣ್ಣ ಇನ್ನಷ್ಟು ಗಟ್ಟಿಯಾಗ್ಲಿ. ಈಸ್ಟರಿಗೆ ಗೋಡೆ ಬಳ್ಯೋಕೆ ಬೇಕು."

ಕೈ ಅರ್ಧದಲ್ಲಿ ನಿಂತಿತು.

ಅಡುಗೆಮನೆಯ ಹೊಸ್ತಿಲಿನಿಂದ ಅಂಬ್ರುಶನ ತಾಯಿ ಬೊರ್ಬಾಲಾ ಕೋಲೂರುತ್ತ ಇಳಿದು ಬಂದಳು. ಆಕೆಗೆ ತೊಂಬತ್ತೊಂದು. "ಯಾರ ಬಾಯಿಗೆ ಹೋಯ್ತು ಅಂತ ಹಂದಿ ಕೇಳುತ್ತೇನೋ? ತಾ ಇಲ್ಲಿ. ಕಟುಕನ ಹೆಸರಲ್ಲಿ ನಾನು ಕುಡೀತೀನಿ. ನಿಂತು ನಿಂತು ನನ್ನ ಕಾಲು ಸೆಟೆದುಹೋಯ್ತು."

ಮಗ ಬಾಯಿ ತೆರೆಯುವುದರೊಳಗೆ ಲೋಟ ಬರಿದಾಗಿತ್ತು. ಉಳಿದ ಏಳೂ ಒಂದೇ ಉಸಿರಿನಲ್ಲಿ ಬರಿದಾದವು. ಹಂದಿ ಹೊರಗೆ ಬಂತು.

ರೋಮ ಸುಟ್ಟ ಮೇಲೆ ತಟ್ಟೆ ಮತ್ತೆ ಬಂದಾಗ ಅಂಬ್ರುಶ್ ವೆಂಡೆಲನ ಮುಂದೆ ಒಂದು ಕ್ಷಣ ತಡೆದು, ಮುಂದಕ್ಕೆ ನಡೆದು ತಾಯಿಯ ಕುರ್ಚಿಯ ಬಳಿ ನಿಂತ. ಮೂರನೆಯ ಲೋಟದ ಹೊತ್ತಿಗೆ ಮುದುಕಿ ಕೋಲಿನಿಂದ ತಾಳ ಹಾಕುತ್ತಿದ್ದಳು.

"ಬರೋ ಶನಿವಾರ ತಿಹಮೇರನ ಹಂದಿ ಅಲ್ವೇನೋ? ವೆಂಡೆಲ್, ಹೋಗೋವಾಗ ನನ್ನೂ ಕರ್ಕೊಂಡು ಹೋಗು."

ಎಲ್ಲರೂ ತಿಹಮೇರನ ಮುಖ ನೋಡಿದರು. ಅವನು ಹಂದಿಯ ತೊಡೆಯನ್ನು ಮೂಸಿದ. ಚೂರಿಯ ನೇರವಾದ ಗೆರೆಯನ್ನು ನೋಡಿದ.

"ಒಲೆ ಪಕ್ಕದಲ್ಲಿ ಕುರ್ಚಿ ಹಾಕಿಸ್ತೀನಿ ಅಜ್ಜಿ," ಎಂದ.

ಇರ್ಮಾ ಬೇಯಿಸಿದ ಆಲೂಗಡ್ಡೆ, ಕೊಬ್ಬಿಲ್ಲದ ಒಂದು ತುಂಡು ಮಾಂಸ, ಒಂದು ಗುಳಿಗೆ ತಂದು ಹಲಗೆಯ ಮೇಲಿಟ್ಟಳು. ವೆಂಡೆಲ್ ಕೊನೆಯದಾಗಿ ಆ ತಿಳಿಗೆಂಪು ನಾಲಿಗೆಯಂಥ ಗ್ರಂಥಿಯನ್ನು ಬಿಡಿಸಿ, ಅಂಗೈಯಲ್ಲಿ ಹಿಡಿದು, ಬೆರಳಿನಿಂದ ಒತ್ತಿದ. ಮೆತ್ತಗಿತ್ತು. ಎದುರಿಗೆ ನಾಯಿ ಬೋದ್ರಿ ಬಾಲ ಸಹ ಅಲ್ಲಾಡಿಸದೆ ಕಾಯುತ್ತಿತ್ತು. ಅವನು ಅದನ್ನು ಎಂದಿನಂತೆ ಎಸೆಯಲಿಲ್ಲ. ಬಗ್ಗಿ ನಾಯಿಯ ಮುಂದಿಟ್ಟ. ಕೈ ತೊಳೆದು, ಮೊದಲ ತುತ್ತಿನ ಜೊತೆ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡ.

ಇಬ್ಬರೂ ಅಗಿಯದೆ ನುಂಗಿದರು.