ಒಂದು, ಒಂದು, ಎಂಬತ್ತು, ಮಂಗಳವಾರ

ತಾನು ಐದೂವರೆ ವರ್ಷದವಳಿದ್ದಾಗಲೇ ಕಂಪ್ಯೂಟರ್ ಕಲಿತು ಪಾಸಾಗಿದ್ದೆ ಎಂಬ ಸಂಗತಿ ನೇತ್ರಾವತಿಗೆ ಗೊತ್ತಾದದ್ದು ಐವತ್ತೊಂದನೆಯ ವಯಸ್ಸಿನಲ್ಲಿ, ಅಕ್ಟೋಬರ್ ಕೊನೆಯ ಗುರುವಾರ, ಮಧ್ಯಾಹ್ನದ ಊಟದ ಡಬ್ಬಿ ತೆರೆಯುವ ಹೊತ್ತಿಗೆ.

ಚನ್ನಗಿರಿಯ ಒಂದು ಹೈಸ್ಕೂಲಿನಲ್ಲಿ ಆಕೆ ಗುಮಾಸ್ತೆ. ಎಲ್ಲರ ಸೇವಾ ದಾಖಲೆಗಳನ್ನೂ ಪೋರ್ಟಲ್ಲಿಗೆ ಏರಿಸಬೇಕೆಂದು ಆಡಳಿತ ಮಂಡಳಿಯವರು ಸತೀಶ್ ಕುಮಾರ್ ಎಂಬ ಇಪ್ಪತ್ತೊಂಬತ್ತರ ಅಧಿಕಾರಿಯನ್ನು ಕಳಿಸಿದ್ದರು. ಆತ ಒಂದು ಹಳದಿಗಟ್ಟಿದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಮೇಡಂ, ಇದು ನಿಮ್ದೇನಾ?"

"ಹೌದು ಸಾರ್. ಮಹೇಶ್ವರ ಕಂಪ್ಯೂಟರ್ ಶಿಕ್ಷಣ ಕೇಂದ್ರದ್ದು."

"ಡಾಸ್, ವರ್ಡ್‌ಸ್ಟಾರ್, ಲೋಟಸ್, ಪ್ರಥಮ ದರ್ಜೆ. ತಾರೀಕು ಒಂದು, ಒಂದು, ಎಂಬತ್ತು. ನೀವು ಹುಟ್ಟಿದ್ದು?"

"ಎಪ್ಪತ್ತನಾಲ್ಕು, ಜೂನ್."

"ಅಂಗನವಾಡಿಗೆ ಹೋಗೋ ಮುಂಚೆನೋ, ಬಂದ ಮೇಲೋ?"

ನೇತ್ರಾವತಿ ಕಾಗದ ಇಸಿದುಕೊಂಡು ನೋಡಿದಳು. ಚುಕ್ಕಿಚುಕ್ಕಿಯ ಪ್ರಿಂಟು, ಮಾಸಿದ ರಿಬ್ಬನ್ನು, ದುಂಡನೆಯ ನೀಲಿ ಮುದ್ರೆ. ಮೂಲೆಯಲ್ಲಿ ಸಣ್ಣಗೆ, ಆದರೆ ಸಂಶಯಕ್ಕೆ ಎಡೆಯಿಲ್ಲದಂತೆ, 1-01-80. ತೊಂಬತ್ತಾರರಲ್ಲಿ ಸಂದರ್ಶನಕ್ಕೆ ಕೂತಿದ್ದ ಐದು ಜನ ಹಿರಿಯರು ಇದನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ, ಮುದ್ರೆ ನೋಡಿ ತಲೆದೂಗಿ, "ಕಂಪ್ಯೂಟರ್ ಬಲ್ಲ ಹುಡುಗಿ" ಎಂದು ಕೆಲಸ ಕೊಟ್ಟಿದ್ದರು. ಮುದ್ರೆ ಇರುವ ಕಾಗದದಲ್ಲಿ ತಾರೀಕು ನೋಡುವುದು ಆಗ ಅಷ್ಟು ಮರ್ಯಾದೆಯ ಕೆಲಸವಾಗಿರಲಿಲ್ಲ.

"ಕಲಿತದ್ದು ತೊಂಬತ್ನಾಲ್ಕರಲ್ಲಿ ಸಾರ್. ಇದು ಯಾಕೆ ಹಿಂಗೈತೋ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಆದರೆ ನಿಮ್ಮ ನೇಮಕಾತಿ ಆಗಿರೋದೇ ಇದರ ಮೇಲೆ. ಸೋಮವಾರ ಸಂಜೆ ಐದಕ್ಕೆ ಪೋರ್ಟಲ್ ಮುಚ್ಚುತ್ತೆ. ಅಷ್ಟರಲ್ಲಿ ನಿಜವಾದ ತಾರೀಕಿಗೆ ಆಧಾರ ತಂದರೆ ಸರಿ. ಇಲ್ಲಾಂದ್ರೆ ಖೋಟಾ ಪ್ರಮಾಣಪತ್ರ ಅಂತ ಬರೀಬೇಕಾಗುತ್ತೆ." ಸ್ವಲ್ಪ ತಡೆದು, "ಬೇಜಾರಾಗಬೇಡಿ," ಎಂದೂ ಸೇರಿಸಿದ. ಇಪ್ಪತ್ತೊಂಬತ್ತು ವರ್ಷದ ನೌಕರಿ ಹೋಗುವವರಿಗೆ ಏನು ಹೇಳಬೇಕೆಂದು ಆತನ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ಮಹೇಶ್ವರ ಕೇಂದ್ರವಿದ್ದ ಮಹಡಿಯಲ್ಲಿ ಈಗ ಕನ್ನಡಕದ ಅಂಗಡಿ ಇತ್ತು. ಹೀಗಾಗಿ ಶುಕ್ರವಾರ ರಜೆ ಹಾಕಿ ಆಕೆ ಹೊನ್ನಾಳಿಯ ಬಸ್ಸು ಹತ್ತಿದಳು. ಅಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಮಾಲತೇಶ್ ಆಕೆಯ ಕಂಪ್ಯೂಟರ್ ಬ್ಯಾಚಿನವನು. ಮಾರನೇ ದಿನ ರಾಜ್ಯೋತ್ಸವ. ಅಂಗಡಿಯ ತುಂಬ ಒಣಗದ ಭುವನೇಶ್ವರಿಯರು. ಅವರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋಗಿ ನೇತ್ರಾವತಿ ವಿಷಯ ಹೇಳಿದಳು.

"ಎಂಬತ್ತಾ? ಕೊಡಿಲ್ಲಿ." ಮಾಲತೇಶ್ ಕನ್ನಡಕ ಹಣೆಗೇರಿಸಿ ಓದಿದ. ಆಮೇಲೆ ಗೋಡೆಯ ಮೇಲೆ ಇಪ್ಪತ್ತು ವರ್ಷದಿಂದ ಗಾಜಿನೊಳಗಿದ್ದ ತನ್ನ ಪ್ರಮಾಣಪತ್ರವನ್ನು ಸ್ಟೂಲು ಹತ್ತಿ ಓದಿದ. ಹಾಗೇ ಸ್ಟೂಲಿನ ಮೇಲೆ ನಿಂತುಕೊಂಡ.

"ಅಕ್ಕಾ, ನಂದೂ ಎಂಬತ್ತೇ."

"ನೋಡಿರಲಿಲ್ವೇನೋ?"

"ತೂಗುಹಾಕಿದ್ದನ್ನ ಯಾರು ಓದ್ತಾರೆ? ಆವಾಗ ನನಗೆ ಮೂರು ವರ್ಷ. ಅಂದ್ರೆ ನಿನಗಿಂತ ನಾನೇ ಶ್ಯಾಣ್ಯಾ."

"ನಿನಗೆ ನಗು. ನನ್ನ ಕೆಲಸ ಹೋಗ್ತೈತೆ ಮಾರಾಯ."

ಮಾಲತೇಶ್ ಕೆಳಗಿಳಿದ. ಪ್ರಮಾಣಪತ್ರದ ಅಡಿಯಲ್ಲಿ ಕಡತದ ಹೆಸರೂ ಅಚ್ಚಾಗಿತ್ತು. ಆ ಕಾಲದಲ್ಲಿ ಕಂಪ್ಯೂಟರನ್ನು ನಡೆಸುತ್ತಿದ್ದ ಡಾಸ್ ಯಾರ ಹೆಸರನ್ನೇ ಆಗಲಿ ಎಂಟು ಅಕ್ಷರಕ್ಕೆ ಕತ್ತರಿಸುತ್ತಿತ್ತು; ಇಂಗ್ಲಿಷಿನ ಲೆಕ್ಕದಲ್ಲಿ ನೇತ್ರಾವತಿಯ ಬಾಲ ಹಾರಿ ಬರೀ 'ನೇತ್ರಾವಟ್' ಉಳಿದಿತ್ತು, ಜೊತೆಗೆ ಕಲಿತ ಅನ್ನಪೂರ್ಣ 'ಅನ್ನಪೂರ್ನ್' ಆಗಿದ್ದಳು. ಮಾಲತೇಶನ ಹೆಸರು ಸರಿಯಾಗಿ ಎಂಟೇ ಅಕ್ಷರ. ಇಡೀ ಬ್ಯಾಚಿನಲ್ಲಿ ಪೂರ್ತಿಯಾಗಿ ಪಾಸಾದವನು ತಾನೊಬ್ಬನೇ ಎಂದು ಆತ ಮದುವೆಯ ಮನೆಗಳಲ್ಲಿ ಹೇಳಿಕೊಂಡು ತಿರುಗಿದ್ದ.

"ಅದು ಸ್ವಿಚ್ ಹಾಕಿದ ಕೂಡಲೇ ತಾರೀಕು ಕೇಳ್ತಿತ್ತಲ್ಲ, ನೆನಪೈತಾ?" ಎಂದ.

"ಕೇಳ್ತಿತ್ತು. ನಾವು ಎಂಟರ್ ಹೊಡೀತಿದ್ವಿ."

"ಯಾಕೆ ಎಂಟರ್ ಹೊಡೀತಿದ್ವಿ?"

"ಮೇಷ್ಟ್ರು ಹೊಡೀರಿ ಅಂದಿದ್ರು."

ಆ ಉತ್ತರದಿಂದ ಎಂಬತ್ತಕ್ಕೆ ಹೋಗುವ ದಾರಿ ಇಬ್ಬರಿಗೂ ಕಾಣಲಿಲ್ಲ. ಕೊನೆಗೆ ಮಾಲತೇಶ್ ಕಪಾಟು ತಡಕಾಡಿ ಒಂದು ಗುಂಪು ಫೋಟೋ ಕೊಟ್ಟ. ಹದಿನಾಲ್ಕು ಜನ, ಎಲ್ಲರೂ ಬರಿಗಾಲು. ಕಂಪ್ಯೂಟರ್ ಕೋಣೆಗೆ ಚಪ್ಪಲಿ ನಿಷಿದ್ಧವಾಗಿದ್ದ ಕಾಲ. ನಡುವಿನ ಕುರ್ಚಿಯಲ್ಲಿ ಮಹೇಶ್ವರಪ್ಪ ಮೇಷ್ಟ್ರು, ಪಕ್ಕದ ಕುರ್ಚಿಯಲ್ಲಿ ಹಾರ ಹಾಕಿಸಿಕೊಂಡ ಕಂಪ್ಯೂಟರು. ಮುಂದಿನ ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ: ಬೀಳ್ಕೊಡುಗೆ, 25-3-94.

"ಇದು ಸಾಲಲ್ವಾ?"

"ಸ್ಲೇಟಿನ ಮೇಲೆ ಯಾರು ಬೇಕಾದ್ರೂ ಬರೀತಾರೆ ಅಂತಾನೆ ಆ ಅಧಿಕಾರಿ. ಮೇಷ್ಟ್ರು ಎಲ್ಲಿದ್ದಾರೋ?"

"ನ್ಯಾಮತಿಯಲ್ಲಿ ಮಗಳ ಮನೆ ಐತೆ. ಇದ್ರೆ ಅಲ್ಲೇ."

ನ್ಯಾಮತಿಯಲ್ಲಿ ಮಗಳು ಸಂಧ್ಯಾರಾಣಿ ಬಾಗಿಲಲ್ಲೇ ನಿಂತು, "ಅಪ್ಪಾಜಿ ಬಿಳಿಚೋಡಿನಾಗೆ ಅದಾರೆ," ಎಂದಳು. "ಆ ಕಂಪ್ಯೂಟರ್ ಡಬ್ಬ ಇಡಾಕೆ ಇಲ್ಲಿ ಜಾಗ ಇಲ್ಲ ಅಂದೆ. ಡಬ್ಬ ಇಲ್ಲದ ಕಡೆ ನಾನೂ ಇರಂಗಿಲ್ಲ ಅಂದ್ರು. ಕಾಫಿ ಕುಡಿದು ಹೋಗಿ ಅಕ್ಕಾ."

ಶನಿವಾರ ಶಾಲೆಯಲ್ಲಿ ಧ್ವಜಾರೋಹಣ, ತಪ್ಪಿಸಿಕೊಳ್ಳುವಂತಿಲ್ಲ. ಸತೀಶ್ ಕುಮಾರನೂ ಬಂದಿದ್ದ. ಲಾಡು ಹಂಚುವಾಗ ಆಕೆಯ ಕೈಗೆ ಎರಡು ಕೊಟ್ಟ. ಅದು ಕರುಣೆಯೋ ಮುಂಗಡ ಸಂತಾಪವೋ ತಿಳಿಯದೆ ನೇತ್ರಾವತಿ ಎರಡನ್ನೂ ಜವಾನ ಚಿಕ್ಕಹನುಮಂತಪ್ಪನಿಗೆ ದಾಟಿಸಿದಳು.

ಭಾನುವಾರ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರು ಕಡೆಯ ಬಿಳಿಚೋಡಿಗೆ ಬಂದಳು. ಊರ ಅಂಚಿನ ಒಂದು ಹೆಂಚಿನ ಕೋಣೆ, ಹೊರಗೆ ಕಟ್ಟಿಹಾಕಿದ ಕುರಿ, ಒಳಗೆ ಹೂವಿನ ಕಸೂತಿಯ ಬಟ್ಟೆ ಹೊದ್ದ ಕಂಪ್ಯೂಟರು. ಮಹೇಶ್ವರಪ್ಪನವರಿಗೆ ಎಪ್ಪತ್ತೆಂಟು. ಆಕೆಯ ಮುಖ ನೋಡಿ ಗುರುತು ಹತ್ತಲಿಲ್ಲ.

"ನೇತ್ರಾವತಿ ಸಾರ್. ತೊಂಬತ್ನಾಲ್ಕನೇ ಬ್ಯಾಚು."

"ಯಾವ ನೇತ್ರಾವತಿ?"

"ನೇತ್ರಾವಟ್, ಸಾರ್."

"ಹಾಂ. ಹಂಗೆ ಹೇಳಬಾರದೇನಮ್ಮ. ಚಪ್ಪಲಿ ಹೊರಗೆ ಬಿಟ್ಟು ಬಾ."

ಆಕೆ ಕೂತು ಎಲ್ಲ ಹೇಳಿದಳು. ಮೇಷ್ಟ್ರು ಪ್ರಮಾಣಪತ್ರ ನೋಡಲೂ ಇಲ್ಲ. ಎದ್ದು ಬಟ್ಟೆ ಸರಿಸಿ, ಹಪ್ಪಳದಗಲದ ಒಂದು ಕಪ್ಪು ಫ್ಲಾಪಿಯನ್ನು ಯಂತ್ರದ ಬಾಯಿಗಿಟ್ಟು, ಸ್ವಿಚ್ ಹಾಕಿದರು. ಯಂತ್ರ ಕೆಮ್ಮಿತು, ಗಿರಗಿರ ಅಂದಿತು, ಬಹಳ ಹೊತ್ತು ಯೋಚಿಸಿತು. ಹಸಿರು ಅಕ್ಷರಗಳು ಮೂಡಿದವು. ಇವತ್ತು ಮಂಗಳವಾರ, 1-01-1980. ಹೊಸ ತಾರೀಕು ಕೊಡಿ.

"ಇದಕ್ಕೆ ಹೊಟ್ಟೆಯೊಳಗೆ ಗಡಿಯಾರ ಇಲ್ಲಮ್ಮ," ಎಂದರು ಮೇಷ್ಟ್ರು. "ಪ್ರತಿ ಸಲ ಎಚ್ಚರ ಆದಾಗಲೂ ಅವತ್ತೇ ಹುಟ್ಟಿದ್ದೀನಿ ಅನ್ಕೊಳ್ತೈತೆ. ನಾವು ತಾರೀಕು ಹೇಳಬೇಕು. ಹೇಳ್ದೆ ಎಂಟರ್ ಒತ್ತಿದ್ರೆ ಎಂಬತ್ತರಾಗೇ ಉಳೀತೈತೆ."

"ಮತ್ತೆ ಎಂಟರ್ ಒತ್ರಿ ಅಂತ ನೀವೇ ಹೇಳಿದ್ರಲ್ಲ ಸಾರ್."

ಮೇಷ್ಟ್ರು ಕುರಿಯ ಕಡೆ ನೋಡಿದರು.

"ಹೇಳಿದ್ದೆ. ಯಾಕಂದ್ರೆ ಅದು ಹೇಳಿದ್ದು ಕೇಳ್ತಿರಲಿಲ್ಲ. ತಿಂಗಳ ಮೊದಲ ಹನ್ನೆರಡು ದಿನ ಕೊಟ್ಟ ತಾರೀಕು ಒಪ್ಪೋದು, ಹದಿಮೂರರಿಂದ ತಪ್ಪು ತಪ್ಪು ಅನ್ನೋದು. ಶುಕ್ಲಪಕ್ಷ, ಕೃಷ್ಣಪಕ್ಷ ಏನಾದ್ರೂ ನೋಡ್ತೈತೋ ಅಂತ ಪಂಚಾಂಗ ಇಟ್ಕೊಂಡು ಎರಡು ತಿಂಗಳು ತಾಳೆ ಹಾಕ್ದೆ. ತಾಳೆ ಆಗಲಿಲ್ಲ."

ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ ಎಂಬುದು ಆಗ ಚನ್ನಗಿರಿಗೆ ತಲುಪಿರಲಿಲ್ಲ; ಹದಿಮೂರನೇ ತಾರೀಕನ್ನು ಅದು ಹದಿಮೂರನೇ ತಿಂಗಳೆಂದು ಓದುತ್ತಿತ್ತು. ಪರದೆಯ ಮೇಲೆ ಪಕ್ಕದಲ್ಲೇ ಎಂಎಂ, ಡಿಡಿ, ವೈವೈ ಎಂದು, ಅಂದರೆ ತಿಂಗಳು, ದಿನ, ವರ್ಷ ಎಂದು, ಅದು ಸುಳಿವು ಕೊಡುತ್ತಲೇ ಇತ್ತು. ಎಂಎಂ ಎಂದರೆ ಮಿಲಿಮೀಟರ್ ಎಂದು ಮೇಷ್ಟ್ರು ಪಾಠ ಮಾಡಿದ್ದರು. ನೇತ್ರಾವತಿ ಅದನ್ನು ನೋಟ್ಸಿನಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದು ಬರೆದುಕೊಂಡಿದ್ದಳು; ಅದು ತಿಂಗಳು ಎಂದು ಹೊಳೆದದ್ದು ಈಗ.

"ಆಮೇಲೆ ನೀವೆಲ್ಲ ಯಾಕೆ ಸಾರ್, ಯಾಕೆ ಸಾರ್ ಅಂತ ಪೀಡಿಸಿದಿರಿ. ಗೊತ್ತಿಲ್ಲ ಅನ್ನೋ ಹಂಗಿಲ್ಲ, ಫೀಸು ಕೊಟ್ಟೀರಿ. ಅದಕ್ಕೇ ಅಂದೆ, ಅದು ಊಟ ಆಯ್ತಾ ಅಂತ ಕೇಳ್ದಂಗೆ ಕಣ್ರೋ, ಮರ್ಯಾದೆಗೆ ಕೇಳ್ತೈತೆ. ಯಾರಾದ್ರೂ ಊಟ ಆಯ್ತಾ ಅಂದ್ರೆ ಮುದ್ದೆ, ಸಾರು, ಉಪ್ಪಿನಕಾಯಿ ಅಂತ ಪಟ್ಟಿ ಕೊಡ್ತೀರಾ? ಆಯ್ತು ಅಂತ ಮುಂದೆ ಹೋಗ್ರಿ ಅಂದೆ. ಎಂಟರ್ ಅಂದ್ರೆ ಆಯ್ತು ಅಂತ."

ನೇತ್ರಾವತಿಗೆ ಪೂರ್ತಿ ನೆನಪಾಯಿತು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತ್ತು.

"ರಿಜಿಸ್ಟರಾದ್ರೂ ಐತಾ ಸಾರ್? ನನ್ನ ಹೆಸರು, ತಾರೀಕು?"

ಮೇಷ್ಟ್ರು ಇನ್ನೊಂದು ಸಲ ಕುರಿಯ ಕಡೆ ನೋಡಿದರು. ಡಾಸ್‌ಗಿಂತ ಮುಂಚೆ ಅವರು ಹುಬ್ಬಳ್ಳಿಯಲ್ಲಿ ಕಲಿತದ್ದು ಸಿಪಿಎಂ ಎಂಬ ಇನ್ನೂ ಹಳೆಯ ಕಂಪ್ಯೂಟರ್ ವ್ಯವಸ್ಥೆ. ಅದರಲ್ಲಿ ನಕಲು ಮಾಡುವಾಗ ಎಲ್ಲಿಗೆ ಎಂಬುದನ್ನು ಮೊದಲು ಹೇಳಬೇಕು, ಎಲ್ಲಿಂದ ಎಂಬುದನ್ನು ಆಮೇಲೆ. ಡಾಸ್ ಇದನ್ನು ಉಲ್ಟಾ ಮಾಡಿತ್ತು. ತೊಂಬತ್ನಾಲ್ಕರ ರಿಜಿಸ್ಟರನ್ನು ಜೋಪಾನ ಮಾಡಲು ತೊಂಬತ್ತೊಂದರ ಪಟ್ಟಿಯಿದ್ದ ಫ್ಲಾಪಿಗೆ ಇಳಿಸುವಾಗ ಕೈ ಹಳೆಯ ಅಭ್ಯಾಸಕ್ಕೆ ಹೋಗಿ, ಆ ಹಳೆಯ ಪಟ್ಟಿಯೇ ತೊಂಬತ್ನಾಲ್ಕರ ಮೇಲೆ ಬಂದು ಕೂತು ಅದನ್ನು ಅಳಿಸಿಹಾಕಿತ್ತು.

"ಒಂದು ಫೈಲ್ ಕಾಪೀಡ್ ಅಂತ ಖುಷಿಯಿಂದ ಹೇಳ್ತು ಬೇರೆ," ಎಂದರು. "ಆಮೇಲೆ ಇಲಿ ಬಂತು, ಕಿಟಕಿ ಬಂದ್ವು. ಮೊದಲ ಸಲ ಮೌಸು ಹಿಡಿದಾಗ ನಾನು ಅದನ್ನ ಎತ್ತಿ ಪರದೆಗೇ ಒತ್ತಿ ನೋಡ್ದೆ. ತೊಂಬತ್ತೈದರ ವಿಂಡೋಸ್ ಬಂದಾಗ, ನಿಲ್ಲಿಸಾಕೂ ಸ್ಟಾರ್ಟ್ ಒತ್ತಬೇಕು ಅಂದ್ರು. ಅವತ್ತೇ ಬೋರ್ಡು ಇಳಿಸ್ದೆ. ಒಂದನ್ನ ಮರೆಯೋದ್ರೊಳಗೆ ಇನ್ನೊಂದು. ನಾನು ಎಷ್ಟು ಅಂತ ಮರೀಲಿ?"

ಆಕೆಗೆ ಸಿಟ್ಟು ಬರಬೇಕಿತ್ತು. ಬಂದಿತ್ತು ಕೂಡ, ದಾರಿಯಲ್ಲೆಲ್ಲ. ಈಗ ಅದನ್ನು ಯಾರ ಮೇಲೆ ಇಳಿಸುವುದೆಂದು ತಿಳಿಯದೆ ಕೂತಿದ್ದಾಗ ಮೇಷ್ಟ್ರೇ ಕೇಳಿದರು:

"ಡಾಸ್ ಪೇಟೆಗೆ ಬಂದದ್ದು ಯಾವ ವರ್ಷ? ಹೇಳಿಕೊಟ್ಟಿದ್ದೆ."

"ಎಂಬತ್ತೊಂದು, ಸಾರ್."

"ಹುಟ್ಟಿದ್ದು ಒಂದು ಕಂಪನಿಯಾಗೆ, ದತ್ತು ಹೋಗಿ ಬೆಳೆದದ್ದು ಇನ್ನೊಂದು ಕಂಪನಿಯಾಗೆ, ಆದ್ರೂ ಪೇಟೆಗೆ ಬಂದದ್ದು ಎಂಬತ್ತೊಂದೇ. ಅಂದಮೇಲೆ ಎಂಬತ್ತನೇ ಇಸವಿ ಜನವರಿಯಾಗೆ ನೀನು ಡಾಸ್ ಪಾಸಾಗಾಕೆ ಹೆಂಗೆ ಸಾಧ್ಯ? ಖೋಟಾ ಮಾಡೋನು ಇಂಥ ತಾರೀಕು ಹಾಕ್ತಾನಾ? ಇದನ್ನ ಮನುಷ್ಯ ಬರೆದಿಲ್ಲ ಅನ್ನಾಕೆ ಇದಕ್ಕಿಂತ ಸಾಕ್ಷಿ ಬೇಕಾ? ಇರು, ಹಂಗೆ ಒಂದು ಪತ್ರ ಟೈಪ್ ಮಾಡಿ ಪ್ರಿಂಟ್ ಕೊಡ್ತೀನಿ."

"ಬೇಡ ಸಾರ್," ಎಂದಳು ನೇತ್ರಾವತಿ, ಪರದೆಯ ಮೇಲಿನ ಮಂಗಳವಾರವನ್ನು ನೋಡುತ್ತ. "ಕೈಯಲ್ಲೇ ಬರೀರಿ."

ಆಮೇಲೆ ಮೊಬೈಲ್ ತೆಗೆದು, ಯಂತ್ರವನ್ನು ಇನ್ನೊಮ್ಮೆ ಆರಿಸಿ ಹಚ್ಚಿಸಿ, ಅದು ಹುಟ್ಟುವುದನ್ನು ವಿಡಿಯೋ ಮಾಡಿಕೊಂಡಳು.

ಸೋಮವಾರ ಮಧ್ಯಾಹ್ನ ಸತೀಶ್ ಕುಮಾರ್ ಪತ್ರವನ್ನು ಎರಡು ಸಲ ಓದಿದ. ವಿಡಿಯೋ ನೋಡಿದ. ಫೋಟೋದಲ್ಲಿ ಹಾರ ಹಾಕಿಕೊಂಡ ಕಂಪ್ಯೂಟರನ್ನು ಬೆರಳಿನಿಂದ ಹಿಗ್ಗಿಸಿ ನೋಡಲು ಹೋಗಿ, ಅದು ಕಾಗದವೆಂದು ನೆನಪಾಗಿ ಕೈ ತೆಗೆದ. ಮಾಲತೇಶ್ ಕಳಿಸಿದ್ದ ಅವನ ಪ್ರಮಾಣಪತ್ರದ ಚಿತ್ರವನ್ನೂ ನೋಡಿದ.

"ಅಂದರೆ ಎಲ್ಲರೂ ಒಂದೇ ದಿನ ಪಾಸಾಗಿದ್ದೀರಿ. ಪಾಸಾದ ದಿನ ನೀವು ಕಲಿತದ್ದು ಇನ್ನೂ ಹುಟ್ಟೇ ಇರಲಿಲ್ಲ. ಅದಕ್ಕೇ ಇದು ನಿಜ."

"ಹೌದು ಸಾರ್."

"ನನ್ನ ತಲೆ ಓಡ್ತಿಲ್ಲ ಮೇಡಂ."

"ನಂದೂ ಗುರುವಾರದಿಂದ ಓಡ್ತಿಲ್ಲ ಸಾರ್."

ಆತ ಹಣೆ ಒತ್ತಿಕೊಂಡು, ಸರಿ, ನಾಲ್ಕು ಆಧಾರ ಇವೆ, ಬೀಳ್ಕೊಡುಗೆಯ ದಿನವನ್ನೇ ಹಾಕೋಣ ಎಂದು ಪೋರ್ಟಲ್ ತೆರೆದ. ಪ್ರಮಾಣಪತ್ರದ ದಿನಾಂಕ ಎಂಬ ಚೌಕದಲ್ಲಿ 25/03/1994 ಎಂದು ಹೊಡೆದ. ಚೌಕ ಕೆಂಪಾಯಿತು. ದಿನಾಂಕ ತಪ್ಪಾಗಿದೆ. ಮತ್ತೆ ಹೊಡೆದ. ಮತ್ತೆ ಕೆಂಪಾಯಿತು. ಬ್ರೌಸರ್ ಮುಚ್ಚಿ ತೆರೆದ, ಇಂಟರ್ನೆಟ್ಟಿನ ತಂತಿ ಕಿತ್ತು ಸಿಕ್ಕಿಸಿದ, ದಾವಣಗೆರೆಗೆ ಫೋನು ಮಾಡಿದ. ಅಲ್ಲಿಯವರು ಸರ್ವರ್ ಸಮಸ್ಯೆ ಎಂದರು. ಗಂಟೆ ನಾಲ್ಕೂವರೆ.

"ಬೆಳಿಗ್ಗೆ ಬೇರೆಯವರ ಆರನೇ ತಾರೀಕಿಂದೆಲ್ಲ ತಗೊಂಡಿತ್ತಲ್ಲ," ಎಂದು ಗೊಣಗಿದ. "ಈಗ ಯಾಕೆ ಬೇಡ ಅಂತಿದೆ? ಈ ದಿನಾಂಕ ಖಾಲಿ ಬಿಟ್ಟು ಮುಂದೆ ಹೋಗಿ ನೋಡ್ತೀನಿ."

ಆತನ ಬೆರಳು ಎಂಟರ್ ಕೀಲಿಯ ಮೇಲಿತ್ತು.

"ಒತ್ತಬೇಡಿ ಸಾರ್," ಎಂದಳು ನೇತ್ರಾವತಿ.

"ಯಾಕೆ?"

"ಅದು ನಿಜವಾಗಲೂ ಕೇಳ್ತೈತೆ. ತಿಂಗಳು ಮೊದಲು ಹಾಕಿ."

ಸತೀಶ್ ಕುಮಾರ್ 03/25/1994 ಎಂದು ಹೊಡೆದ. ಚೌಕ ಹಸಿರಾಯಿತು. ಆತ ಪರದೆಯನ್ನೂ ಆಕೆಯನ್ನೂ ನೋಡಿದ. ಬೆಳಿಗ್ಗೆ ತಾನು ಹಾಕಿದ ಆರನೇ ತಾರೀಕುಗಳೆಲ್ಲ ಈಗ ಜೂನ್ ತಿಂಗಳಲ್ಲಿವೆ ಎಂಬ ಯೋಚನೆ ಮುಖದ ಮೇಲೆ ನಿಧಾನವಾಗಿ ಇಳಿಯಿತು.

"ಇದನ್ನ ಎಲ್ಲಿ ಕಲಿತಿರಿ ಮೇಡಂ?"

ನೇತ್ರಾವತಿ ಮೇಜಿನ ಮೇಲಿದ್ದ ಹಳದಿ ಕಾಗದವನ್ನು ಆತನ ಕಡೆಗೆ ಅರ್ಧ ಗೇಣು ಸರಿಸಿದಳು.

ಸ್ವೀಕೃತಿ ಚೀಟಿ ಹೊರಬಂತು. ನಿಮ್ಮ ದಾಖಲೆ ಮಾನ್ಯವಾಗಿದೆ ಎಂದಿತ್ತು. ಅದರ ಕೆಳಗೆ ದಿನಾಂಕ 11/03/2025. ಅಂದರೆ, ದಿನವನ್ನು ಮೊದಲು ಓದುವವರ ಲೆಕ್ಕದಲ್ಲಿ, ಸತೀಶ್ ಕುಮಾರ್ ಆಕ್ಷೇಪಣೆ ಎತ್ತುವುದಕ್ಕೆ ಏಳು ತಿಂಗಳು ಮುಂಚೆಯೇ, ಮಾರ್ಚಿ ಹನ್ನೊಂದಕ್ಕೆ, ಅದು ಪರಿಹಾರವಾಗಿತ್ತು. ಆತ ಅದನ್ನು ಮಡಿಸಿ ಕೊಡಲು ಹೋದ. ನೇತ್ರಾವತಿ ಬಿಡಿಸಿ ಮೇಜಿನ ಮೇಲೆ ಹರಡಿ, ತನ್ನ ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು.

"ಇಲ್ಲಿ ಕೈಯಲ್ಲಿ ಬರೆದುಬಿಡಿ ಸಾರ್. ನವೆಂಬರ್ ಮೂರು, ಸೋಮವಾರ. ಅಕ್ಷರದಲ್ಲಿ."